ಹನ್ನೊಂದು ರಾಷ್ಟ್ರಗಳ ಅಮಾನತ್

ಪ್ರವಾದಿವರ್ಯರ(ಸ) ಸಂಗಡ ಯಾತ್ರೆಯಲ್ಲಿದ್ದ ಸಹಾಬಿಗಳು ಒಮ್ಮೆ ಒಂದು ಪುಟ್ಟ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಅಲ್ಲೇ ಚಡಪಡಿಸತೊಡಗಿತು. ಅಷ್ಟರಲ್ಲಿ ಬಂದ ಪ್ರವಾದಿವರ್ಯರು(ಸ), ಅದನ್ನು ನೋಯಿಸಿದವರು ಯಾರೆಂದು ವಿಚಾರಿಸಿ ಮರಿಗಳನ್ನು ಹಿಂದಿರುಗಿಸುವಂತೆ ಆಜ್ಞಾಪಿಸಿದರು. ಅಬೂದಾವೂದ್‌ನಲ್ಲಿರುವ ಈ ಘಟನೆಯನ್ನು ಮದ್ರಸದ ಮಕ್ಕಳಿಗೆ ನಾವು ಹೇಳುತ್ತಲೇ ಇರುತ್ತೇವೆ. ಅಲ್ಲಿ ತಪ್ಪು ಮಾಡಿದ ಕೈ ಎದುರಿಗೇ ಇತ್ತು, ಮರಿಗಳೂ ಅದೇ ಕೈಯಲ್ಲಿದ್ದವು. ಆದರೆ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹಕ್ಕಿಯೊಂದು ದಾರಿಯಲ್ಲೆಲ್ಲೋ ಕಾಣೆಯಾದರೆ ಯಾರನ್ನು ವಿಚಾರಿಸುವುದು?

ಸೈಬೀರಿಯನ್ ಕ್ರೇನ್‌ಗೆ ಆದದ್ದು ಇದೇ. ಇದು ನಮ್ಮ ಗದ್ದೆಗಳ ಬೆಳ್ಳಕ್ಕಿಯಲ್ಲ. ನಾಲ್ಕೂವರೆ ಅಡಿ ಎತ್ತರ, ಹಾಲು ಬಿಳುಪು, ಕೆಂಪು ಮುಖ, ರೆಕ್ಕೆಯ ತುದಿ ಕಪ್ಪು. ಬಾದಶಾಹ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಇದರ ಚಿತ್ರ ಬರೆದಿದ್ದನು. ಚಳಿಗಾಲ ಕಳೆಯಲು ಇದು ರಷ್ಯಾದಿಂದ ಹೊರಟು ಮಧ್ಯ ಏಷ್ಯಾ, ಅಫಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು. 1964-65ರಲ್ಲಿ ಅಲ್ಲಿ ಸುಮಾರು 200 ಹಕ್ಕಿಗಳಿದ್ದವು. 2001-02ರ ಚಳಿಗಾಲದಲ್ಲಿ ಬಂದದ್ದು ಒಂದು ಜೋಡಿ ಮಾತ್ರ. ಅದೇ ಕೊನೆ.

ಭರತಪುರದಲ್ಲಿ ಕಾವಲಿತ್ತು, ಕಾನೂನಿತ್ತು. ಹಕ್ಕಿಗಳು ಸತ್ತದ್ದು ಹೆಚ್ಚಾಗಿ ದಾರಿಯಲ್ಲಿ. ಎಲ್ಲೋ ಜೌಗು ನೆಲ ಬತ್ತಿತು, ಎಲ್ಲೋ ಯುದ್ಧ ನಡೆದಿತ್ತು, ಎಲ್ಲೋ ಬೇಟೆಗಾರ ಕಾದಿದ್ದ. ಆ ದಾರಿಯ ಬಹುಭಾಗ ಮುಸ್ಲಿಮರೇ ವಾಸಿಸುವ ನಾಡು ಎಂಬುದನ್ನು ಮರೆಮಾಚಿದರೆ ಅದು ಪ್ರಾಮಾಣಿಕತೆಯಾಗದು.

ವಲಸೆ ಜೀವಿಗಳ ರಕ್ಷಣೆಗಾಗಿ 1979ರಲ್ಲಿ ಬಾನ್ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಗಿತ್ತು. ಅದರಡಿಯಲ್ಲಿ ಈ ಒಂದು ಹಕ್ಕಿಗಾಗಿಯೇ 1993ರಲ್ಲಿ ಪ್ರತ್ಯೇಕ ಒಡಂಬಡಿಕೆ ಜಾರಿಗೆ ಬಂತು. ಮುಂದೆ ಹನ್ನೊಂದು ರಾಷ್ಟ್ರಗಳು ಅದಕ್ಕೆ ಸಹಿ ಹಾಕಿದವು. ಅವುಗಳಲ್ಲಿ ಭಾರತವೂ ಇದೆ, ಪಾಕಿಸ್ತಾನವೂ ಇದೆ; ಇರಾನ್, ರಷ್ಯಾ, ಚೀನಾಗಳೂ ಇವೆ. ಬೇರೆಲ್ಲ ವಿಷಯಗಳಲ್ಲಿ ಜಗಳವಾಡುವ ರಾಷ್ಟ್ರಗಳು ಒಂದು ಹಕ್ಕಿಯ ವಿಷಯದಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ. ಆದರೂ ಭರತಪುರದ ಹಿಂಡು ಉಳಿಯಲಿಲ್ಲ. ಕರಾರಿನ ಕುರಿತು ಅಲ್ಲಾಹನ ಬಳಿ ವಿಚಾರಣೆ ಇದೆಯೆಂದು ಸೂರಃ ಬನೀ ಇಸ್ರಾಈಲ್ ಎಚ್ಚರಿಸಿರುವುದು ಸಾಲಗಾರನಿಗೆ ಮಾತ್ರವೆಂದು ನಾವು ಭಾವಿಸಿದ್ದೇವೆಯೇ? ಚೀನಾದ ಪೋಯಾಂಗ್ ಸರೋವರದಲ್ಲಿ ಚಳಿಗಾಲ ಕಳೆಯುವ ಕೆಲವು ಸಾವಿರ ಹಕ್ಕಿಗಳು ಮಾತ್ರ ಇಂದು ಈ ಜಾತಿಯ ಆಸರೆ.

"ಜಿಬಹ್ ಮಾಡಿದ ಮೇಲೆ ಹಲಾಲ್ ತಾನೇ?" ಎಂದು ಕೇಳುವವರು ನಮ್ಮಲ್ಲಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಹೆಬ್ಬಾತುಗಳು ಬರುತ್ತವೆ. ಅಂತಹ ಹಕ್ಕಿಗಳ ಬಗ್ಗೆಯೂ ಈ ಪ್ರಶ್ನೆ ಬರುತ್ತದೆ. ಅವರು ಇಹ್ರಾಮನ್ನು ಸ್ವಲ್ಪ ನೆನೆಯಲಿ. ಹಿಂದಿನ ದಿನ ಹಲಾಲ್ ಆಗಿದ್ದ ಬೇಟೆಯೇ ಇಹ್ರಾಮ್ ತೊಟ್ಟ ಕ್ಷಣದಿಂದ ನಿಷಿದ್ಧ. ಬೇಕೆಂದೇ ಕೊಂದರೆ ಪರಿಹಾರ ತೆರಬೇಕು. ಹರಮ್‌ನ ಮೇರೆಯೊಳಗಂತೂ ಇಹ್ರಾಮ್ ಇಲ್ಲದವನೂ ಬೇಟೆಯಾಡುವಂತಿಲ್ಲ. ಮಾಂಸ ಹಲಾಲೋ ಎಂಬುದು ಒಂದು ಪ್ರಶ್ನೆ. ಈ ಜೀವವನ್ನು, ಈ ಸ್ಥಳದಲ್ಲಿ, ಈಗ ಕೊಲ್ಲಲು ನನಗೆ ಹಕ್ಕಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಇದನ್ನು ಇರಾನಿನ ಫರೀದೂನ್‌ಕನಾರ್‌ನ ಬಾತು ಹಿಡಿಯುವವರು ಚೆನ್ನಾಗಿ ಅರಿತಿದ್ದರು. ನೀರು ನಿಲ್ಲಿಸಿದ ಭತ್ತದ ಗದ್ದೆಗಳಲ್ಲಿ ಕಾಡುಬಾತು ಹಿಡಿಯುವುದೇ ಅವರ ಕಸುಬು. ಆದರೆ ಅಲ್ಲಿ ಬಂದೂಕಿನ ಸದ್ದಾಗಲು ಅವರು ಬಿಡುವುದಿಲ್ಲ, ಬಿಳಿ ಕ್ರೇನ್ ಅನ್ನು ಮುಟ್ಟುವುದೂ ಇಲ್ಲ. ಪಶ್ಚಿಮದ ಹಿಂಡಿನಲ್ಲಿ ಉಳಿದ ಒಂದೇ ಒಂದು ಗಂಡು ಹಕ್ಕಿ, ಜೊತೆಗಾತಿ ಇಲ್ಲವಾದ ಬಳಿಕವೂ ಅನೇಕ ವರ್ಷ ಅವರ ಗದ್ದೆಗಳಿಗೇ ಒಂಟಿಯಾಗಿ ಬರುತ್ತಿತ್ತು. ಜನರು ಅದಕ್ಕೆ ಉಮೀದ್ ಎಂದು ಹೆಸರಿಟ್ಟರು. ಅರ್ಥವನ್ನು ನಮ್ಮ ಮನೆಗಳಲ್ಲಿ ಹೇಳಬೇಕಾಗಿಲ್ಲ. 2023ರ ಆರಂಭದಲ್ಲಿ ಬೆಲ್ಜಿಯಂನಲ್ಲಿ ಸಾಕಿ ಬೆಳೆಸಿದ ಒಂದು ಹೆಣ್ಣು ಕ್ರೇನ್ ಅನ್ನು ತಂದು ಅದರ ಬಳಿ ಬಿಟ್ಟರು. ಅದಕ್ಕಿಟ್ಟ ಹೆಸರು ರೋಯಾ, ಅಂದರೆ ಕನಸು.