ಒಬ್ಬನ ಹೆಗಲ ಮೇಲೆ ಜನದ ಮಾನ

ಇಡೀ ಜನದ ಮಾನವನ್ನು ಒಬ್ಬ ಮನುಷ್ಯ ತನ್ನ ಹೆಗಲ ಮೇಲೆ ಹೊರಬೇಕೆ? ಹೊರು ಅಂತ ಅವನಿಗೆ ಹೇಳುವ ಹಕ್ಕು ಯಾರಿಗಿದೆ? ಈ ಪ್ರಶ್ನೆಯನ್ನು ನಮ್ಮ ಎದೆಗೆ ಹಾಕಿದವನು ಅಮೆರಿಕದ ಒಬ್ಬ ಕರಿಯ ಹುಡುಗ. ಹೆಸರು ಜ್ಯಾಕ್ ಟ್ರೈಸ್. ಸತ್ತಾಗ ಅವನಿಗೆ 21 ವರ್ಷ.

1902ರಲ್ಲಿ ಒಹಾಯೊ ರಾಜ್ಯದ ಹೈರಮ್ ಎಂಬ ಸಣ್ಣ ಊರಲ್ಲಿ ಹುಟ್ಟಿದ. ಗುಲಾಮರ ಮೊಮ್ಮಗ. ಚಿಕ್ಕವನಿದ್ದಾಗಲೇ ಅಪ್ಪ ಹೋದ. ತಾಯಿಗೆ ಒಬ್ಬನೇ ಮಗ. ಕ್ಲೀವ್‌ಲ್ಯಾಂಡಿನ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡಿ ಹೆಸರು ಮಾಡಿದ. ಅದು ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಮೈಗೆ ಮೈ ಬಡಿದು ಉರುಳಿಸುವ ಆಟ. 1922ರಲ್ಲಿ ಅವನ ಕೋಚ್ ಐಯೊವಾ ಸ್ಟೇಟ್ ಕಾಲೇಜಿಗೆ ಹೋದಾಗ ಇವನೂ ಅಲ್ಲಿಗೆ ಹೋದ. ಆ ಕಾಲೇಜಿನ ಮೊದಲ ಕರಿಯ ಆಟಗಾರನಾದ. ಓದಿದ್ದು ಪಶುಸಂಗೋಪನೆ. ಓದು ಮುಗಿಸಿ ದಕ್ಷಿಣದ ಕರಿಯ ರೈತರ ನಡುವೆ ಕೆಲಸ ಮಾಡಬೇಕು ಅನ್ನೋದು ಅವನ ಕನಸು. ಗುಲಾಮಗಿರಿಯಲ್ಲೇ ಹುಟ್ಟಿ ದೊಡ್ಡ ಕೃಷಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕೂಡ ಹಿಂದೆ ಓದಿದ್ದು ಅದೇ ಕಾಲೇಜಿನಲ್ಲಿ.

1923ರ ಅಕ್ಟೋಬರ್ 6. ಮಿನಿಯಾಪೊಲಿಸ್ ನಗರದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಮೇಲೆ ಪಂದ್ಯ. ಹಿಂದಿನ ರಾತ್ರಿ ಹೋಟೆಲಿನ ಕಾಗದದ ಮೇಲೆ ಟ್ರೈಸ್ ತನಗೆ ತಾನೇ ಒಂದು ಪತ್ರ ಬರೆದುಕೊಂಡ. ತನ್ನ ಜನದ ಮಾನ, ಮನೆತನದ ಮಾನ, ತನ್ನ ಮಾನ ಎಲ್ಲವೂ ನಾಳೆ ಪಣಕ್ಕಿದೆ. ಎಲ್ಲರೂ ತನ್ನಿಂದ ದೊಡ್ಡದನ್ನೇ ನಿರೀಕ್ಷಿಸುತ್ತಿದ್ದಾರೆ. ಮೈ ಮನಸ್ಸು ಎರಡನ್ನೂ ಹಿಂದೆಮುಂದೆ ನೋಡದೆ ಕಣಕ್ಕೆ ಎಸೆಯಬೇಕು. ಇದು ಆ ಪತ್ರದ ಸಾರ.

ಎಸೆದೇಬಿಟ್ಟ. ಆಟದ ಮೊದಲ ಭಾಗದಲ್ಲೇ ಕೊರಳೆಲುಬು ಮುರಿಯಿತು. ಏನೂ ಆಗಿಲ್ಲ ಅಂತ ಆಡುತ್ತಲೇ ಹೋದ. ಮೂರನೆಯ ಪಾದದಲ್ಲಿ ಎದುರಾಳಿಗಳ ದಾರಿಗೆ ಅಡ್ಡ ಬಿದ್ದ. ಅಂಗಾತ ಬಿದ್ದವನ ಮೇಲೆ ಅವರು ತುಳಿದುಕೊಂಡು ಹೋದರು. ಪ್ರಯಾಣ ಮಾಡಬಹುದು ಅಂತ ಆಸ್ಪತ್ರೆಯ ಡಾಕ್ಟರುಗಳು ಹೇಳಿದರು, ರೈಲಿನಲ್ಲಿ ವಾಪಸ್ ಕರೆತಂದರು. ಅಕ್ಟೋಬರ್ 8ರಂದು ಒಳಗೇ ರಕ್ತ ಸುರಿದು ತೀರಿಕೊಂಡ.

ಬೇಕಂತಲೇ ತುಳಿದರೋ, ಆಟದ ರಭಸದಲ್ಲಿ ತುಳಿದರೋ ಎಂಬ ವಾದ ಇಂದಿಗೂ ತೀರಿಲ್ಲ. ನಾವು ಅದಕ್ಕೆ ತೀರ್ಪು ಕೊಡಲು ಹೋಗುವುದಿಲ್ಲ. ನಾವು ಕೇಳುವುದು ಬೇರೆ. ಎಲುಬು ಮುರಿದ ಮೇಲೂ ಅವನನ್ನು ಕಣದಲ್ಲಿ ನಿಲ್ಲಿಸಿದ್ದು ಯಾವುದು? ಯಾರೂ ಆಜ್ಞೆ ಮಾಡಿರಲಿಲ್ಲ. ಚಾಟಿ ಹಿಡಿದ ಧಣಿ ಅಲ್ಲಿರಲಿಲ್ಲ. ಆಜ್ಞೆ ಅವನ ಜೇಬಿನಲ್ಲೇ ಇತ್ತು, ಅವನದೇ ಕೈಬರಹದಲ್ಲಿತ್ತು. ಶೋಷಣೆಯ ಅತಿ ಸೂಕ್ಷ್ಮ ಕೆಲಸ ಇದು. ಮುನ್ನೂರು ವರ್ಷ ಒಂದು ಜನವನ್ನು ಕೀಳು ಅಂತ ಸಾರಿ, ಆಮೇಲೆ ಆ ಜನದ ಒಬ್ಬನಿಗೆ ಬಾಗಿಲು ತೆರೆದು, ಕೀಳಲ್ಲ ಅಂತ ಈಗ ನೀನೇ ರುಜುವಾತು ಮಾಡು ಅನ್ನೋದು. ತಪ್ಪು ಹೊರಿಸಿದವರು ಗ್ಯಾಲರಿಯಲ್ಲಿ ಕೂತಿರುತ್ತಾರೆ. ಹೊತ್ತವನು ಕಣದಲ್ಲಿ ಬಿದ್ದಿರುತ್ತಾನೆ.

ಅವತ್ತು ಬಿಳಿಯ ಹುಡುಗನೊಬ್ಬ ಎಡವಿದ್ದರೆ ಎಡವಿದ್ದು ಅವನೊಬ್ಬನೇ. ಟ್ರೈಸ್ ಎಡವಿದ್ದರೆ ಒಂದು ಜನಾಂಗವೇ ಎಡವಿತು ಅಂತ ಲೆಕ್ಕ. ಹಾಗಿದ್ದ ಮೇಲೆ ಇಬ್ಬರೂ ಒಂದೇ ಮೈದಾನದಲ್ಲಿ ಆಡಿದರು ಅಂತ ಹೇಗೆ ಹೇಳುವುದು? ಸಮಾನತೆ ಅಂದರೆ ಗೆಲ್ಲುವ ಹಕ್ಕು ಮಾತ್ರವಲ್ಲ. ಸೋಲುವ ಹಕ್ಕು, ನೋವಾದಾಗ ನೋವಾಯಿತು ಅನ್ನುವ ಹಕ್ಕು, ಹತ್ತು ಜನರಂತೆ ಸಾಮಾನ್ಯನಾಗಿ ಇರುವ ಹಕ್ಕು.

ಯಾರಾದರೂ ಮೊದಲಿಗನಾಗಲೇಬೇಕಲ್ಲ, ಇಲ್ಲದಿದ್ದರೆ ದಾರಿ ಆಗೋದು ಹೇಗೆ ಅಂತ ಕೆಲವರು ಕೇಳುತ್ತಾರೆ. ನಿಜ. ಆ ಹುಡುಗನ ಕೆಚ್ಚಿಗೆ ನಾವು ತಲೆಬಾಗುತ್ತೇವೆ. ಆದರೆ ಕೆಚ್ಚನ್ನು ಮೆಚ್ಚುವುದು ಬೇರೆ, ಅದನ್ನು ಸಾಲದಂತೆ ವಸೂಲಿ ಮಾಡುವುದು ಬೇರೆ. ಇದನ್ನು ನಾವೂ ಮಾಡುತ್ತೇವೆ. ಕೇರಿಯಿಂದ ಮೊದಲ ಸಲ ಟ್ರಂಕು ಹೊತ್ತು ಹಾಸ್ಟೆಲ್ಲಿಗೆ ಹೊರಟ ಹುಡುಗನಿಗೆ, 'ನಮ್ಮೆಲ್ರ ಮರ್ವಾದೆ ನಿನ್ ಕೈಯಾಗೈತೆ ಕಣಪ್ಪಾ' ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಅದೇ ಉಸಿರಿನಲ್ಲಿ, 'ಫೇಲಾದ್ರೂ ಬಾರಪ್ಪಾ, ಮನೆ ಐತೆ' ಅನ್ನುವುದನ್ನೂ ಕಲಿಯಬೇಕಾಗಿದೆ.

ಟ್ರೈಸ್‌ನ ಅಂತ್ಯಕ್ರಿಯೆಗೆ ಕಾಲೇಜಿನ ಅಂಗಳದಲ್ಲಿ ಸುಮಾರು 4,000 ಜನ ಸೇರಿದ್ದರು. ಅವನ ಪತ್ರವನ್ನು ಅಲ್ಲಿ ಓದಲಾಯಿತು. ಆಮೇಲೆ ಮರೆತರು. 1970ರ ದಶಕದಲ್ಲಿ ವಿದ್ಯಾರ್ಥಿಗಳು ಆ ಕಥೆಯನ್ನು ಹೊರತೆಗೆದು, ಹೊಸ ಕ್ರೀಡಾಂಗಣಕ್ಕೆ ಅವನ ಹೆಸರಿಡಿ ಅಂತ ಹಟ ಹಿಡಿದರು. ಆಡಳಿತದವರು 1984ರಲ್ಲಿ ಆಟದ ನೆಲಕ್ಕೆ ಮಾತ್ರ ಅವನ ಹೆಸರಿಟ್ಟು ಕೈತೊಳೆದುಕೊಂಡರು. ಇಡೀ ಕ್ರೀಡಾಂಗಣ ಜ್ಯಾಕ್ ಟ್ರೈಸ್ ಸ್ಟೇಡಿಯಂ ಆಗಿದ್ದು 1997ರಲ್ಲಿ, ಸತ್ತು 74 ವರ್ಷದ ಮೇಲೆ. ಆ ಹೆಸರು ಬಂದದ್ದು ದೊಡ್ಡವರ ಔದಾರ್ಯದಿಂದಲ್ಲ, ಹುಡುಗರ ಹಟದಿಂದ. ಇದನ್ನು ಮರೆಯಬಾರದು.

ಆದರೆ ನಮ್ಮ ಕಿವಿಯಲ್ಲಿ ಉಳಿಯುವುದು ತಾಯಿಯ ಮಾತು. ಮಗ ಸತ್ತ ಮೇಲೆ ಆಕೆ ಕಾಲೇಜಿನ ಅಧ್ಯಕ್ಷರಿಗೆ ಬರೆದರು: ಅವನಿಗೆ ಸಂದ ಗೌರವದ ಬಗ್ಗೆ ಹೆಮ್ಮೆಯಿದೆ, ಆದರೆ ತನಗೆ ಇದ್ದದ್ದು ಅವನೊಬ್ಬನೇ, ಈಗ ತಾನು ವಯಸ್ಸಾದವಳು, ಒಂಟಿ.

ಜನದ ಮಾನದ ಲೆಕ್ಕ ಬರೆಯುವವರು ಈ ತಾಯಿಯ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆಯಬೇಕು.