ಸಂಶೋಧಕನ ಚಿತ್ತವು ಯಾರ ಅಧೀನ?

ನಮ್ಮ ಸೀಮೆಯ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಪದವಿಗಾಗಿ ಸಂಶೋಧನೆ ನಡೆಸುತ್ತಿರುವ ತರುಣನೊಬ್ಬನು ಈಚೆಗೆ ಮಾತಿನ ನಡುವೆ ತನ್ನ ಕಷ್ಟವನ್ನು ತೋಡಿಕೊಂಡನು. ರಾತ್ರಿ ಹನ್ನೊಂದಕ್ಕೆ ಮಾರ್ಗದರ್ಶಕರ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ನೋಡಿದರೆ ನಿದ್ರೆ ಕೆಡುತ್ತದೆ. ನೋಡದಿದ್ದರೆ, ಏನು ಬಂದಿದೆಯೋ ಎಂಬ ಅಳುಕಿನಿಂದ ಕೆಡುತ್ತದೆ. “ಇದರಾಗ ನನ್ನ ತಪ್ಪೇನ್ರಿ, ಸರ?” ಎಂದು ಕೇಳಿದನು.

ಒಡನೆ ಉತ್ತರ ಕೊಡಲಾರದೆ ಹೋದೆನು. ಮೊಬೈಲನ್ನು ಬದಿಗಿಡು ಎಂಬ ಬುದ್ಧಿವಾದ ಸುಲಭ. ಆಟದ ಚಟಕ್ಕೆ ಬಿದ್ದ ಬಾಲಕನಿಗೆ ಅದು ಸಲ್ಲುವುದು, ಸಂಶೋಧಕನಿಗೆ ಸಲ್ಲದು. ಅವನ ಗ್ರಂಥಾಲಯವೂ ಅದೇ ಯಂತ್ರದೊಳಗಿದೆ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯು 2025ರ ಜನವರಿಯಲ್ಲಿ ಆರಂಭವಾದಂದಿನಿಂದ ಸುಮಾರು 13,000 ವಿದ್ವತ್ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ದೊರೆಯುವಂತಾಗಿವೆ. ‘ಶೋಧಗಂಗಾ’ ಭಂಡಾರದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ. ಒಂದೇ ಒಂದು ಲೇಖನದ ಪ್ರತಿಗಾಗಿ ರಾತ್ರಿಯ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದ ನಮ್ಮಂಥವರಿಗೆ ಇದು ಅಸೂಯೆ ಹುಟ್ಟಿಸುವ ಭಾಗ್ಯವೇ ಸರಿ.

ಆದರೆ ಈ ಭಾಗ್ಯದ ಬೆನ್ನಿಗೆ ಒಂದು ಭ್ರಾಂತಿಯೂ ಬಂದಿದೆ. ಇಳಿಸಿಕೊಂಡದ್ದೇ ಓದಿದಂತೆ ಎಂಬುದು ಆ ಭ್ರಾಂತಿ. ತರುಣನ ಗಣಕಯಂತ್ರದಲ್ಲಿ ನಾನೂರು ಲೇಖನಗಳಿದ್ದವು. ಕೊನೆಯವರೆಗೆ ಓದಿದವು ಎಷ್ಟೆಂದು ಕೇಳಿದಾಗ ಅವನು ತಲೆ ತಗ್ಗಿಸಿದನು. ಒಂದನ್ನು ತೆರೆದರೆ ಅದರ ಅಡಿಟಿಪ್ಪಣಿಯು ಇನ್ನೊಂದಕ್ಕೆ ಕರೆಯುವುದು, ಅಲ್ಲಿಂದ ಅಂಚೆ, ಅಲ್ಲಿಂದ ಸಹಪಾಠಿಯ ಲೇಖನ ಪ್ರಕಟವಾದ ಸುದ್ದಿ, ಅದರ ಹಿಂದೆಯೇ ಮತ್ಸರ. ಸಂಜೆಗೆ ಕಣ್ಣು ಉರಿಯುತ್ತದೆ, ದುಡಿದೆನೆಂಬ ದಣಿವೂ ಇರುತ್ತದೆ. ಆದರೆ ಹಾಳೆಯ ಮೇಲೆ ಒಂದು ವಾಕ್ಯವಿಲ್ಲ. ಮಾಹಿತಿಯು ಹೆಚ್ಚಿದಂತೆಲ್ಲ ಅವಧಾನವು ಬಡವಾಗುವುದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಎಚ್ಚರಿಸಿದ್ದನು. ಆಗ ಈ ಯಂತ್ರವು ಯಾರ ಜೇಬಿನಲ್ಲಿಯೂ ಇರಲಿಲ್ಲ.

ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು 2017ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಸದ್ದಡಗಿಸಿದ ಮೊಬೈಲನ್ನು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಬೇರೆ ಕೋಣೆಯಲ್ಲಿ ಬಿಟ್ಟುಬಂದವರು ನೆನಪಿನ ಪರೀಕ್ಷೆಯಲ್ಲಿ ಮೇಲಾಗಿದ್ದರು. ವಿಚಿತ್ರವೆಂದರೆ, ಅದರ ಯೋಚನೆಯೇ ತಮಗೆ ಬರಲಿಲ್ಲವೆಂದು ಬಹುಪಾಲು ಮಂದಿ ಹೇಳಿದ್ದರು. ಅನಂತರ ಬೇರೆಯವರು ನಡೆಸಿದ ಪರೀಕ್ಷೆಗಳಲ್ಲಿ ಇದೇ ಫಲವು ಎಲ್ಲೆಡೆಯೂ ಕಾಣಲಿಲ್ಲ. ಆದುದರಿಂದ ಇದನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ.

ಇರಲಿ. ಓದದೆ ಪೇರಿಸಿಟ್ಟ ಲೇಖನಗಳಿಗೆ ಆ ತರುಣನೇ ಹೊಣೆ. ಅದನ್ನು ಅವನಿಗೆ ಹೇಳಿಯೂ ಹೇಳಿದೆನು. ರಾತ್ರಿಯ ಸಂದೇಶದ ಮಾತು ಬೇರೆ. ಫ್ರಾನ್ಸ್ ದೇಶವು 2017ರಿಂದ ದುಡಿಮೆಯ ವೇಳೆ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ನೌಕರರಿಗೆ ಕಾನೂನಿನಲ್ಲಿ ಮಾನ್ಯಮಾಡಿದೆ. ನಮ್ಮ ಸಂಶೋಧನ ವಿದ್ಯಾರ್ಥಿಯು ನೌಕರನೂ ಅಲ್ಲ, ಸ್ವತಂತ್ರನೂ ಅಲ್ಲ. ಶಿಷ್ಯವೇತನದ ಕಾಗದಕ್ಕೆ ಗುರುವಿನ ಸಹಿ ಬೇಕು, ಪ್ರಬಂಧಕ್ಕೂ ಬೇಕು. ಅಂಥವನು “ನಾಳೆ ನೋಡುತ್ತೇನೆ” ಎನ್ನುವುದು ಹೇಗೆ? ಅವನಿಗೆ ಸಂಯಮವನ್ನು ಬೋಧಿಸುವುದು ಅನ್ಯಾಯವಲ್ಲವೆ?

ನಾನೂ ಮಾರ್ಗದರ್ಶಕನಾಗಿದ್ದವನು. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ, ಮಲಗುವ ಹೊತ್ತಿಗೆ ಏನಾದರೂ ಹೊಳೆದರೆ, ಬೆಳಗಾಗುವಷ್ಟರಲ್ಲಿ ಮರೆತೇನೆಂದು ಆಗಲೇ ವಿದ್ಯಾರ್ಥಿಗಳಿಗೆ ಕಳುಹಿಸಿಬಿಡುತ್ತಿದ್ದೆನು. ಉತ್ತರವು ಐದು ನಿಮಿಷದಲ್ಲಿ ಬರುತ್ತಿತ್ತು. ಅದನ್ನು ಶ್ರದ್ಧೆಯೆಂದು ಮೆಚ್ಚಿಕೊಂಡಿದ್ದೆನು. ತಲೆದಿಂಬಿನ ಬಳಿ ಒಂದು ಚೀಟಿಯನ್ನು ಇಟ್ಟುಕೊಂಡಿದ್ದರೆ ಸಾಕಾಗುತ್ತಿತ್ತು.