ಜಮೀನಿನ ತಪಾಸಣೆ ಮತ್ತು ತಿಳಿಯದೇ ಇರುವ ಹಕ್ಕು

ರೋಗಿಯೊಬ್ಬರು "ಆ ಪರೀಕ್ಷೆ ಬೇಡ ಡಾಕ್ಟ್ರೇ, ಗೊತ್ತಾಗದಿದ್ದರೇ ನೆಮ್ಮದಿ" ಎಂದರೆ ನಾವು ವೈದ್ಯರು ಒಂದೆರಡು ಮಾತು ಹೇಳಿ ನೋಡಿ ಸುಮ್ಮನಾಗುತ್ತೇವೆ. ದೇಹ ಅವರದು, ತಿಳಿಯದೇ ಇರುವ ಹಕ್ಕೂ ಅವರದೇ. (ಅಂಟುರೋಗದ ಮಾತು ಬೇರೆ.) ಆದರೆ ಜಮೀನು ಮಾರುವವರೂ ಹೀಗೆಯೇ ಹೇಳಿದರೆ ಒಪ್ಪಬಹುದೇ?

ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋಗಳ ನಮ್ಮ ಸದಸ್ಯರಿಗೆ ಇದು ದೂರದ ಪ್ರಶ್ನೆಯಲ್ಲ. ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ಈಗ ಮನೆಗಳಿರುವ ಎಷ್ಟೋ ಕಡೆ ಹಿಂದೆ ಕಿತ್ತಳೆ, ನಿಂಬೆ ತೋಟಗಳಿದ್ದವು. ಎಸ್ಕಾಂಡಿಡೋ, ಫಾಲ್‌ಬ್ರುಕ್ ಸುತ್ತ ಬೆಣ್ಣೆಹಣ್ಣಿನ ತೋಟಗಳು ಇಂದಿಗೂ ಇವೆ. ಡಿಡಿಟಿಯನ್ನು ಈ ದೇಶದಲ್ಲಿ 1972ರಲ್ಲಿ ನಿಷೇಧಿಸಿದರು. ಅದು ಬರುವ ಮೊದಲು ಹಣ್ಣಿನ ತೋಟಗಳಿಗೆ ಸೀಸ ಮತ್ತು ಆರ್ಸೆನಿಕ್ ಸೇರಿದ ಮದ್ದು ಹೊಡೆಯುತ್ತಿದ್ದರು. ಡಿಡಿಟಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಸೀಸ, ಆರ್ಸೆನಿಕ್ ಮೂಲಧಾತುಗಳು, ಕೊಳೆತು ಹೋಗುವ ಮಾತೇ ಇಲ್ಲ.

ಇಲ್ಲಿ ವಾಣಿಜ್ಯ ಜಮೀನು ಕೊಳ್ಳುವ ಮುನ್ನ ಸಾಮಾನ್ಯವಾಗಿ 'ಫೇಸ್ ಒನ್' ತಪಾಸಣೆ ಮಾಡಿಸುತ್ತಾರೆ. ಅದರಲ್ಲಿ ಗುದ್ದಲಿಗೆ ಕೆಲಸವಿಲ್ಲ. ವಿಮಾನದಿಂದ ತೆಗೆದ ಹಳೆಯ ಫೋಟೋಗಳನ್ನೂ ಸರ್ಕಾರಿ ದಾಖಲೆಗಳನ್ನೂ ನೋಡುತ್ತಾರೆ, ಹಿಂದಿನ ಮಾಲೀಕರನ್ನು ವಿಚಾರಿಸುತ್ತಾರೆ, ಮದ್ದು ಕಲಸುತ್ತಿದ್ದ ಜಾಗ ಯಾವುದು, ಡೀಸೆಲ್ ಟ್ಯಾಂಕು ಎಲ್ಲಿತ್ತು ಎಂದು ಜಮೀನಿನಲ್ಲಿ ಓಡಾಡಿ ಹುಡುಕುತ್ತಾರೆ. ನಾವು ರೋಗಿಯ 'ಹಿಸ್ಟರಿ' ತೆಗೆದುಕೊಳ್ಳುವುದೂ ಇದೇ ಬಗೆ. ಅನುಮಾನ ಬಂದರೆ 'ಫೇಸ್ ಟೂ'. ಆಗ ಮಣ್ಣು ಲ್ಯಾಬಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2000ದಿಂದ ರಾಜ್ಯದ ಹಣದಲ್ಲಿ ಹೊಸ ಶಾಲೆ ಕಟ್ಟುವ ಜಾಗಕ್ಕೆ ಇಂಥ ತಪಾಸಣೆ ಕಡ್ಡಾಯ. ಮನೆಯ ಹಿತ್ತಲಿಗೆ ಕಡ್ಡಾಯವಿಲ್ಲ. ಎರಡೂ ಕಡೆ ಆಡುವವರು ಅದೇ ಮಕ್ಕಳು!

1980ರ 'ಸೂಪರ್‌ಫಂಡ್' ಕಾಯಿದೆಯ ಪ್ರಕಾರ ವಿಷ ಸುರಿದವರಷ್ಟೇ ಅಲ್ಲ, ಈಗಿನ ಮಾಲೀಕರೂ ಶುಚಿ ಮಾಡುವ ಖರ್ಚಿಗೆ ಹೊಣೆಯಾಗಬಹುದು. 'ನನಗೆ ಗೊತ್ತಿರಲಿಲ್ಲ' ಎನ್ನುವವರಿಗೆ 1986ರ ತಿದ್ದುಪಡಿ ಒಂದು ದಾರಿ ಬಿಟ್ಟಿತು. ಆದರೆ ಕೊಳ್ಳುವ ಮೊದಲು ಸರಿಯಾಗಿ ವಿಚಾರಿಸಿದವರಿಗೆ ಮಾತ್ರ. ವಿಚಾರಿಸದೆ ಇದ್ದವರ ಅಜ್ಞಾನಕ್ಕೆ ಬೆಲೆಯಿಲ್ಲ. ಅದೇ ಕಾಯಿದೆ, ನೋಂದಾಯಿತ ಕೀಟನಾಶಕವನ್ನು ಬೆಳೆಗೆ ಹೊಡೆದ ರೈತನನ್ನು ಈ ಖರ್ಚಿನಿಂದ ಬಿಟ್ಟಿದೆ. ಅದು ಸರಿಯೆಂದೇ ನಮ್ಮ ಅಭಿಪ್ರಾಯ. ಎಲ್ಲರೂ ಒಳ್ಳೆಯದೆಂದು ಹೇಳಿದ ಮದ್ದನ್ನು ಹೊಡೆದವನನ್ನು ಐವತ್ತು ವರ್ಷದ ಮೇಲೆ ದಂಡಿಸಿ ಏನು ಬಂತು? ಆದರೆ ಅವನ ತಪ್ಪಿಲ್ಲ ಎಂದ ಮಾತ್ರಕ್ಕೆ ಕೊಳ್ಳುವವನಿಗೆ ಹೇಳಬೇಕಾಗಿಲ್ಲ ಎಂದಾಗುವುದಿಲ್ಲ.

ನಮ್ಮ ಕನ್ನಡ ನೆಲದಲ್ಲೇ ಇದಕ್ಕೆ ನೋವಿನ ನಿದರ್ಶನವಿದೆ. ಕಾಸರಗೋಡಿನ ಸರ್ಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ತೋಡು, ಕುಡಿಯುವ ನೀರಿನ ಸುರಂಗ. ಪಡ್ರೆ ಗ್ರಾಮದಲ್ಲಿ ಚಿಕಿತ್ಸೆ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್ ಏಕೆ ಎಂದು ಕೇಳಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಅಲ್ಲಿನ ಮಣ್ಣು, ನೀರು, ರಕ್ತಗಳಲ್ಲಿ ಎಂಡೋಸಲ್ಫಾನ್ ಇದೆಯೆಂದು ವರದಿ ಮಾಡಿತು. ಯಾವ ರೋಗಕ್ಕೆ ಅದು ಎಷ್ಟು ಕಾರಣ ಎಂಬ ಬಗ್ಗೆ ತಜ್ಞರ ಸಮಿತಿಗಳಲ್ಲೇ ಒಮ್ಮತವಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಪಡ್ರೆಯವರು ಯಾರೂ ತಿಳಿಯದಿರುವ ಹಕ್ಕನ್ನು ಬೇಡಿದವರಲ್ಲ. ಅವರ ಪರವಾಗಿ ಬೇರೆಯವರು ಅದನ್ನು ಚಲಾಯಿಸಿದ್ದರು.

ನಮ್ಮಲ್ಲಿ ಹಲವರ ಮನೆತನದ ಅಡಿಕೆ, ಕಾಫಿ ತೋಟಗಳು ಊರಿನಲ್ಲಿವೆ. ನೋಡಿಕೊಳ್ಳುವವರಿಲ್ಲ, ಮಾರೋಣ ಎಂಬ ಮಾತು ಫೋನಿನಲ್ಲಿ ನಡೆಯುತ್ತಲೇ ಇರುತ್ತದೆ. ಕೊಳೆರೋಗಕ್ಕೆಂದು ಅಡಿಕೆಗೆ ತಲೆಮಾರುಗಳಿಂದ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿ ತಾಮ್ರವಿದೆ. ಅದು ಮಣ್ಣಿನ ಮೇಲ್ಪದರದಲ್ಲಿ ಶೇಖರವಾಗುತ್ತದೆ, ಹೆಚ್ಚಾದರೆ ಎರೆಹುಳುಗಳಿಗೆ ಕೆಡುಕು. ಗಾಬರಿಯಾಗುವಂಥದ್ದೇನಲ್ಲ. ಆದರೂ ಪರೀಕ್ಷೆಯ ಮಾತು ಬಂದೊಡನೆ ಅಣ್ಣನೋ ಭಾವನೋ "ಅವರು ಕೇಳಿದರೆ ತಾನೇ ಹೇಳಬೇಕು? ಸುಮ್ಮನೆ ರೇಟು ಬಿದ್ದುಹೋಗುತ್ತದೆ" ಎನ್ನುತ್ತಾರೆ. ಆ ಭಯ ಸುಳ್ಳಲ್ಲ. ಅಪ್ಪ ಅಮ್ಮನ ಔಷಧಿಯ ಖರ್ಚೂ ಆ ರೇಟಿನಿಂದಲೇ ಬರಬೇಕಾಗಿರಬಹುದು. ಪರೀಕ್ಷೆಯ ಹಣವನ್ನಾದರೂ ಡಾಲರಿನಲ್ಲಿ ದುಡಿಯುವ ನಾವು ಕೊಡಬಹುದು. ಕ್ರಯಪತ್ರದಲ್ಲಿ ಬಾವಿ, ಮರಮಟ್ಟು, ದಾರಿಯ ಹಕ್ಕು ಎಲ್ಲವನ್ನೂ ಬರೆಸುತ್ತೇವೆ. ಯಾವ ಮದ್ದನ್ನು ಎಷ್ಟು ವರ್ಷ ಹೊಡೆದೆವು ಎಂಬ ಎರಡು ಸಾಲನ್ನು ಅದರ ಜೊತೆ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.